ಕುಂಚದ ಪಕ್ಕ ಒಂದು ಕ್ಯಾಲೆಂಡರ್: ಬೆಂಗಳೂರಿನ ಚಿತ್ರಕಲಾವಿದರಿಗೆ ಹನ್ನೆರಡು ಸೂತ್ರಗಳು

ಬೆಂಗಳೂರಿನಲ್ಲಿ ಚಿತ್ರ ಬರೆಯುವವರಿಗೆ ಅವಕಾಶವೇ ಇಲ್ಲ ಅನ್ನುವ ಮಾತನ್ನು ಇಪ್ಪತ್ತು ವರ್ಷದಿಂದ ಕೇಳುತ್ತಿದ್ದೇನೆ. ಅದರಲ್ಲಿ ಹತ್ತು ವರ್ಷ ಹೇಳುತ್ತಿದ್ದವನು ನಾನೇ. ಒಂದು ದಿನ ಕೂತು ಲೆಕ್ಕ ಹಾಕಿದೆ. ಆ ಹತ್ತು ವರ್ಷದಲ್ಲಿ ನಾನು ಹಾಕಿದ್ದು ಬರೀ ಮೂರು ಅರ್ಜಿ. ಎರಡು ಕೊನೆಯ ದಿನಾಂಕ ಕಳೆದ ಮೇಲೆ ತಲುಪಿದ್ದವು. ಮೂರನೆಯದರಲ್ಲಿ ಚಿತ್ರದ ಬದಲು ಟ್ಯೂಬ್‌ಲೈಟಿನ ಪ್ರತಿಬಿಂಬ ಇತ್ತು. ಅದರ ಕಥೆ ಮುಂದೆ ಹೇಳುತ್ತೇನೆ.

ಕೈಗೆ ಕಸುಬು ತರುವ ಸೂತ್ರ ನನ್ನ ಹತ್ತಿರ ಇಲ್ಲ. ಬರೆದ ಚಿತ್ರ ಗೋಡೆ ಹತ್ತಲು, ಆ ಗೋಡೆಯಿಂದ ಇಳಿದು ಇನ್ನೊಬ್ಬರ ಮನೆಗೆ ಹೋಗಲು ಏನು ಬೇಕೋ ಅಷ್ಟು ಮಾತ್ರ ಇಲ್ಲಿದೆ.

1. ಮೊದಲು ಕ್ಯಾಲೆಂಡರ್, ಆಮೇಲೆ ಕ್ಯಾನ್ವಾಸ್

ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್ ನಿಮ್ಮ ಮನೆಯಲ್ಲೂ ಮೊಳೆಗೆ ನೇತುಬಿದ್ದಿರುತ್ತದೆ. ಏಕಾದಶಿ, ಸಂಕಷ್ಟಿ, ಹಾಲಿನ ಲೆಕ್ಕ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ನಿಮ್ಮ ಕಸುಬಿಗೂ ಜಾಗ ಮಾಡಿ. ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ. ಜನವರಿಯಲ್ಲಿ ಎಚ್ಚರವಾದವರಿಗೆ ಅಲ್ಲಿ ಮಳಿಗೆ ಸಿಗುವುದಿಲ್ಲ, ದಸರಾ ಗೊಂಬೆ ಇಳಿಸುವ ಹೊತ್ತಿಗೇ ಅರ್ಜಿಯ ಪ್ರಕಟಣೆಗೆ ಕಣ್ಣಿಟ್ಟಿರಬೇಕು. ಗ್ಯಾಲರಿಯ ಬಾಡಿಗೆ ಗೋಡೆಗೆ ತಿಂಗಳುಗಟ್ಟಲೆ ಮೊದಲೇ ಹೆಸರು ಬರೆಸಬೇಕು. ಮಳೆಗಾಲದಲ್ಲಿ ಖಾಲಿ ದಿನ ಹೆಚ್ಚು, ಚಳಿಗಾಲದಲ್ಲಿ ಪೈಪೋಟಿ ಹೆಚ್ಚು.

ಕೊನೆಯ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡುವವರೇ ಜಾಸ್ತಿ. ನಾನು ಅದಕ್ಕಿಂತ ಹತ್ತು ದಿನ ಹಿಂದಿನ ದಿನಾಂಕಕ್ಕೆ ಗುರುತು ಹಾಕುತ್ತೇನೆ. ಕೊನೆಯ ರಾತ್ರಿ ಕರೆಂಟ್ ಹೋಗುವುದು ಈ ಊರಿನ ಸಂಪ್ರದಾಯ.

2. ಒಂದು ಶನಿವಾರ ಗೋಡೆಗಳನ್ನು ನೋಡಿ ಬನ್ನಿ

ಚಿತ್ರಗಳನ್ನಲ್ಲ, ಗೋಡೆಗಳನ್ನು. ಎಷ್ಟು ಎತ್ತರ, ಬೆಳಕು ಎಲ್ಲಿಂದ, ಮೊಳೆ ಹೊಡೆಯಲು ಬಿಡುತ್ತಾರಾ ಇಲ್ಲ ತಂತಿಗೆ ತೂಗುಹಾಕಬೇಕಾ, ಬರುವ ಜನ ಯಾರು, ಅವರು ಎಷ್ಟು ಹೊತ್ತು ನಿಲ್ಲುತ್ತಾರೆ.

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಿಂದ ಶುರು ಮಾಡಿ. ಎಂ.ಎಸ್. ನಂಜುಂಡರಾಯರು 1960ರಲ್ಲಿ ಕಟ್ಟಿದ ಸಂಸ್ಥೆ. ಒಂದೇ ಆವರಣದಲ್ಲಿ ಕಾಲೇಜು, ಸಂಗ್ರಹಾಲಯ, ಬಾಡಿಗೆಗೆ ಸಿಗುವ ಗ್ಯಾಲರಿಗಳು, ಮರದ ನೆರಳು ಎಲ್ಲ ಇವೆ. ಸೀರೆ ಮೇಳಕ್ಕೆ ಬಂದವರು ದಾರಿ ತಪ್ಪಿ ನಿಮ್ಮ ಪ್ರದರ್ಶನಕ್ಕೂ ಬರುತ್ತಾರೆ. ಅದನ್ನು ಅವಮಾನ ಅಂದುಕೊಳ್ಳಬೇಡಿ. ನನ್ನ ಮೂರು ಚಿತ್ರ ಕೊಂಡವರು ಸೀರೆಗೆ ಬಂದವರೇ.

ಅಲ್ಲಿಂದ ಎಂ.ಜಿ. ರಸ್ತೆಗೆ ಹೋಗಿ. ಮೆಟ್ರೊ ನಿಲ್ದಾಣಕ್ಕೆ ಅಂಟಿಕೊಂಡಂತೆ 2013ರಲ್ಲಿ ಶುರುವಾದ ರಂಗೋಲಿ ಮೆಟ್ರೊ ಕಲಾ ಕೇಂದ್ರವಿದೆ. ಇಲ್ಲಿಗೆ ಬರುವವರು ರೈಲು ಇಳಿದು ನಡೆಯುವ ಜನ, ಕೈಯಲ್ಲಿ ಐಸ್‌ಕ್ರೀಂ ಹಿಡಿದ ಕುಟುಂಬಗಳು. ಮಾರಾಟಕ್ಕಿಂತ ಮಾತು ಹೆಚ್ಚು. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ನಿಮಗೆ ಬಾಡಿಗೆ ಗೋಡೆ ಸಿಗದು. ಕಣ್ಣಿಗೆ ತಾಲೀಮು ಸಿಗುತ್ತದೆ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ಅಂದರೆ ಎಲ್ಲರೂ ಮ್ಯಾಪ್ ಅನ್ನುವುದು, ಅಲ್ಲೂ ಅಷ್ಟೇ. ಚೌಕಟ್ಟು ಹೇಗೆ ಕೂರಿಸಿದ್ದಾರೆ, ಚಿತ್ರದ ಪಕ್ಕದ ಚೀಟಿಯಲ್ಲಿ ಏನು ಬರೆದಿದ್ದಾರೆ ಅನ್ನುವುದನ್ನೇ ಒಂದು ಗಂಟೆ ನೋಡಬಹುದು.

ಅದೇ ರಸ್ತೆಯಲ್ಲಿ ವೆಂಕಟಪ್ಪ ಚಿತ್ರಶಾಲೆ. ಕೆ. ವೆಂಕಟಪ್ಪನವರು (1886–1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾಗಿದ್ದವರು, ವೀಣೆ ಶೇಷಣ್ಣನವರ ಬಳಿ ವೀಣೆ ಕಲಿತವರು. ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದ ಮನುಷ್ಯ. ಹೊರಡುವ ಮುಂಚೆ ಫೋನ್ ಮಾಡಿ, ತೆರೆದಿದೆಯೇ ಎಂದು ಕೇಳಿಕೊಂಡು ಹೊರಡಿ. ಈ ಸಲಹೆ ಊರಿನ ಎಲ್ಲ ಗ್ಯಾಲರಿಗೂ, ಎಲ್ಲ ಸೋಮವಾರಕ್ಕೂ ಅನ್ವಯ.

3. ಉದ್ಘಾಟನೆಗೆ ಹೋಗಿ, ಮರುದಿನವೂ ಹೋಗಿ

ಉದ್ಘಾಟನೆಯ ಸಂಜೆ ದೀಪ, ಭಾಷಣ, ಬೋಂಡ. ಚಿತ್ರ ಕಾಣುವುದು ಕಷ್ಟ, ಕಲಾವಿದ ಸಿಗುವುದು ಇನ್ನೂ ಕಷ್ಟ. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿ. ಆ ಕಲಾವಿದ ಒಬ್ಬನೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿರುತ್ತಾನೆ. ಫ್ರೇಮ್ ಎಲ್ಲಿ ಹಾಕಿಸಿದ, ಎಷ್ಟಾಯಿತು, ಯಾರು ಬಂದರು, ಏನು ಹೋಯಿತು ಎಲ್ಲ ಹೇಳುತ್ತಾನೆ. ಅಭಿಪ್ರಾಯ ಪುಸ್ತಕದಲ್ಲಿ ಓದುವ ಹಾಗೆ ಹೆಸರು ಬರೆಯಿರಿ, ‘ಚೆನ್ನಾಗಿದೆ’ ಅಂತ ಮಾತ್ರ ಬರೆಯಬೇಡಿ. ನಾಳೆ ನಿಮ್ಮ ಪ್ರದರ್ಶನದಲ್ಲಿ ಬುಧವಾರ ಮಧ್ಯಾಹ್ನ ಮೂರಕ್ಕೆ ಬರುವವನು ಅವನೇ.

4. ಚಿತ್ರಸಂತೆಗೆ ಸಂತೆಯವರ ಹಾಗೆ ಹೋಗಿ

ಇದನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ಚಿತ್ರಕಲಾ ಪರಿಷತ್ತು 2003ರಲ್ಲಿ ಶುರು ಮಾಡಿದ ಸಂತೆ ಇದು. ಒಂದೇ ದಿನ. ವಾಹನ ನಿಲ್ಲಿಸಿ ಕುಮಾರಕೃಪಾ ರಸ್ತೆಯನ್ನು ಕಲಾವಿದರಿಗೆ ಬಿಟ್ಟುಕೊಡುತ್ತಾರೆ. ಸಾವಿರಕ್ಕೂ ಹೆಚ್ಚು ಕಲಾವಿದರು, ಹತ್ತಾರು ರಾಜ್ಯಗಳಿಂದ. ನೂರು ರೂಪಾಯಿಯ ಕಾರ್ಡಿನಿಂದ ಲಕ್ಷದ ಕ್ಯಾನ್ವಾಸಿನವರೆಗೆ ಒಂದೇ ಪಾದಚಾರಿ ಮಾರ್ಗದಲ್ಲಿ. ಕೋವಿಡ್ ಇದ್ದ 2021ರಲ್ಲಿ ಅದನ್ನು ಆನ್‌ಲೈನಿನಲ್ಲಿ ಮಾಡಿದರು. ಬೆರಳಲ್ಲಿ ಮುಂದೆ ತಳ್ಳಿ ನೋಡಿದ ಆ ಸಂತೆಯಲ್ಲಿ ಧೂಳಿರಲಿಲ್ಲ, ನೂಕುನುಗ್ಗಲಿರಲಿಲ್ಲ, ಹಾಗಾಗಿ ಸಂತೆಯೂ ಇರಲಿಲ್ಲ.

ನನ್ನ ಮೊದಲ ಸಂತೆಗೆ ಹದಿನಾಲ್ಕು ದೊಡ್ಡ ಚಿತ್ರ ಹೊತ್ತುಕೊಂಡು ಹೋಗಿದ್ದೆ, ಎಲ್ಲ ಮೂರಡಿ ಮೇಲೆ. ಬೆಳಿಗ್ಗೆ ಐದೂವರೆಗೆ ಹೋದರೆ ಪಕ್ಕದ ಮಳಿಗೆಯ ಕಲಬುರಗಿಯ ಮೇಷ್ಟ್ರು ಆಗಲೇ ಗೂಟದಿಂದ ಗೂಟಕ್ಕೆ ಹುರಿ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಚಿತ್ರ ಸಿಕ್ಕಿಸುತ್ತಿದ್ದರು. ನನ್ನ ಹತ್ತಿರ ಹುರಿಯೂ ಇಲ್ಲ, ಕ್ಲಿಪ್ಪೂ ಇಲ್ಲ. ಒಂಬತ್ತಕ್ಕೆ ಗಾಳಿ ಎದ್ದಿತು. ಹತ್ತಕ್ಕೆ ಮೇಲಿನ ಕೊಂಬೆಯ ಕಾಗೆ ನನ್ನ ಮಲೆನಾಡಿನ ಮೇಲೆ ತನ್ನ ಸಹಿ ಹಾಕಿತು. ಹನ್ನೊಂದಕ್ಕೆ ರಸ್ತೆಯಲ್ಲಿ ಜನರ ಪ್ರವಾಹ, ಯುಪಿಐ ಸ್ಥಗಿತ. ಎಲ್ಲರೂ ‘ಸೂಪರ್’ ಅಂದು ಫೋಟೊ ತೆಗೆದುಕೊಂಡು ಮುಂದೆ ಹೋದರು. ಮೂರಡಿಯ ಚಿತ್ರವನ್ನು ಸ್ಕೂಟರಿನಲ್ಲಿ ಒಯ್ಯುವುದು ಹೇಗೆ ಅಂತ ನಾನೂ ಯೋಚಿಸಿರಲಿಲ್ಲ.

ಅವತ್ತು ಮಾರಾಟವಾಗಿದ್ದು ಒಂದೇ. ಬೇಸರ ಕಳೆಯಲು ಕೂತಲ್ಲೇ ನೆನಪಿನಿಂದ ಗಾಂಧಿ ಬಜಾರಿನ ಹೂವಿನ ಸಾಲನ್ನು ಮಸಿಯಲ್ಲಿ ಬರೆದಿದ್ದೆ, ಅಂಗೈಗಿಂತ ಸ್ವಲ್ಪ ದೊಡ್ಡದು. ಬಿಳಿ ಪಂಚೆಯ ಹಿರಿಯರೊಬ್ಬರು ಮೂರು ಸಲ ಬಂದು ನೋಡಿದರು. ಮೂರನೆಯ ಸಲ, ‘ಇದರಲ್ಲಿ ನಮ್ಮ ಅಂಗಡಿ ಇಲ್ಲವಲ್ಲಪ್ಪಾ, ಎಡಗಡೆ ಕೊನೆಯದು’ ಅಂದರು. ಅಲ್ಲೇ ಸೇರಿಸಿಕೊಟ್ಟೆ. ಮುನ್ನೂರು ರೂಪಾಯಿ ಎಣಿಸಿ, ಚಿತ್ರವನ್ನು ಪಂಚಾಂಗದ ಒಳಗಿಟ್ಟುಕೊಂಡು ಹೋದರು.

ಈಗ ನನ್ನ ಸಂತೆಯ ಚೀಲ ಹೀಗಿರುತ್ತದೆ: ಹುರಿ, ಕ್ಲಿಪ್ಪು, ಕತ್ತರಿ, ಮಳೆಗೂ ಕಾಗೆಗೂ ಆಗುವ ಪ್ಲಾಸ್ಟಿಕ್ ಹಾಳೆ, ಚಿತ್ರ ಸುತ್ತಿಕೊಡಲು ರಟ್ಟಿನ ಕೊಳವೆ, ಐವತ್ತರ ಮತ್ತು ನೂರರ ಚಿಲ್ಲರೆ, ರಸೀದಿ ಪುಸ್ತಕ, ಎರಡು ಬಾಟಲಿ ನೀರು. ಮುಖ್ಯವಾಗಿ, ಜೊತೆಗೊಬ್ಬರು. ಹನ್ನೆರಡು ಗಂಟೆ ಒಬ್ಬರೇ ಮಳಿಗೆ ಕಾಯುವುದಾದರೆ ಶೌಚಾಲಯಕ್ಕೆ ಹೋಗುವುದು ಯಾವಾಗ? ಇದನ್ನು ಯಾವ ಕಲಾ ಶಾಲೆಯೂ ಹೇಳಿಕೊಡುವುದಿಲ್ಲ.

ಚಿತ್ರಗಳು ಮೂರು ಅಳತೆ, ಮೂರು ಬೆಲೆ. ಕೈಚೀಲಕ್ಕೆ ಹೋಗುವಂಥವು, ಬೈಕಿನಲ್ಲಿ ಹೋಗುವಂಥವು, ಜನರನ್ನು ನಿಲ್ಲಿಸಲು ಮಾತ್ರ ಒಂದು ದೊಡ್ಡದು. ದೊಡ್ಡದು ಮಾರಾಟವಾಗದಿದ್ದರೂ ಅದರ ಕೂಲಿಯನ್ನು ಚಿಕ್ಕವು ದುಡಿದುಕೊಡುತ್ತವೆ.

5. ಬೆಲೆಯನ್ನು ಮನೆಯಲ್ಲೇ ಬರೆದುಕೊಂಡು ಹೋಗಿ

ಗಿರಾಕಿಯ ಚಪ್ಪಲಿ ನೋಡಿ ಬೆಲೆ ಹೇಳುವ ಕಲಾವಿದರನ್ನು ಕಂಡಿದ್ದೇನೆ. ಪಕ್ಕದ ಮಳಿಗೆಯವರಿಗೆ ಅದು ಕೇಳಿಸುತ್ತದೆ. ಸಂಜೆಯೊಳಗೆ ರಸ್ತೆಗೆಲ್ಲ ಗೊತ್ತಾಗುತ್ತದೆ.

ಸುಲಭದ ಲೆಕ್ಕ ಚದರ ಅಂಗುಲದ್ದು. ಹನ್ನೆರಡು ಅಂಗುಲಕ್ಕೆ ಹದಿನಾರು ಅಂಗುಲದ ಚಿತ್ರ, ಅಂದರೆ 192 ಚದರ ಅಂಗುಲ. ಅಂಗುಲಕ್ಕೆ 15 ರೂಪಾಯಿ ಹಿಡಿದರೆ 2,880. ಫ್ರೇಮಿಗೆ 900 ಸೇರಿಸಿದರೆ 3,780. ಚೀಟಿಯಲ್ಲಿ 3,800 ಬರೆಯಿರಿ. ಹದಿನೈದೋ ಐವತ್ತೋ ಅನ್ನುವುದು ನಿಮ್ಮ ಅನುಭವಕ್ಕೆ ಬಿಟ್ಟದ್ದು. ಒಮ್ಮೆ ಹಾಕಿದ ದರವನ್ನು ವರ್ಷ ಪೂರ್ತಿ ಕಾಪಾಡಿ. ಗ್ಯಾಲರಿ ಮಾರಿಕೊಟ್ಟರೆ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಕಮಿಷನ್ ಹಿಡಿಯುವುದು ವಾಡಿಕೆ. ಗ್ಯಾಲರಿಯಲ್ಲಿ 8,000ಕ್ಕೆ ತೂಗುಹಾಕಿದ ಚಿತ್ರವನ್ನು ಹಿಂದಿನ ಬಾಗಿಲಲ್ಲಿ 4,000ಕ್ಕೆ ಕೊಟ್ಟರೆ ಆ ಗ್ಯಾಲರಿ ನಿಮ್ಮ ಪಾಲಿಗೆ ಮುಗಿಯಿತು, ಕೊಂಡವರಿಗೂ ನಿಮ್ಮ ಬೆಲೆ 4,000 ಅಂತ ಖಾತ್ರಿಯಾಯಿತು.

‘ಲಾಸ್ಟ್ ಎಷ್ಟು ಕೊಡ್ತೀರ?’ ಅಂತ ಕೇಳಿಯೇ ಕೇಳುತ್ತಾರೆ. ಕೊತ್ತಂಬರಿ ಸೊಪ್ಪಿಗೂ ಕೇಳುವ ಜನ ನಾವು. ಮುನಿಸಿಕೊಳ್ಳಬೇಡಿ. ಬೆಲೆ ಇಳಿಸುವ ಬದಲು ಒಂದು ಪುಟ್ಟ ಕಾರ್ಡು ಕೊಸರು ಕೊಡಿ. ಕೊಸರು ಅನ್ನುವ ಪದಕ್ಕೆ ಇನ್ನೂ ಮರ್ಯಾದೆ ಇದೆ.

6. ಫೋಟೊ ಬೆಳಿಗ್ಗೆ ಎಂಟಕ್ಕೆ ತೆಗೆಯಿರಿ

ಟ್ಯೂಬ್‌ಲೈಟಿನ ಕಥೆ ಇದೇ. ರಾತ್ರಿ ಹನ್ನೊಂದಕ್ಕೆ, ಗಾಜಿನ ಫ್ರೇಮಿನ ಮೇಲೆ, ಫ್ಲ್ಯಾಶ್ ಹಾಕಿ ತೆಗೆದ ಫೋಟೊ. ಆಯ್ಕೆ ಸಮಿತಿಯವರಿಗೆ ಕಂಡಿದ್ದು ಒಂದು ಬಿಳಿ ಗೆರೆ, ನನ್ನ ಬನಿಯನ್ನು.

ಗಾಜು ತೆಗೆಯಿರಿ. ಬಿಸಿಲು ನೇರ ಬೀಳದ ವರಾಂಡದಲ್ಲಿ ಚಿತ್ರವನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ, ಫೋನನ್ನು ಚಿತ್ರದ ನಡುಮಧ್ಯದ ಎತ್ತರಕ್ಕೆ ಹಿಡಿಯಿರಿ. ಫಿಲ್ಟರ್ ಬೇಡವೇ ಬೇಡ. ಫೈಲಿಗೆ ನಿಮ್ಮ ಹೆಸರು, ಚಿತ್ರದ ಹೆಸರು, ಮಾಧ್ಯಮ, ಅಳತೆ, ವರ್ಷ ಇಷ್ಟನ್ನೂ ಇಡಿ. ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಚಿತ್ರ ಸೊರಗುತ್ತದೆ, ಈಮೇಲಿನಲ್ಲೇ ಕಳಿಸಿ.

7. ಅರ್ಜಿಯಲ್ಲಿ ಆತ್ಮಕಥೆ ಬೇಡ

‘ಬಾಲ್ಯದಿಂದಲೂ ನನಗೆ ಚಿತ್ರಕಲೆಯಲ್ಲಿ ಆಸಕ್ತಿ’ ಅನ್ನುವ ವಾಕ್ಯವನ್ನು ಆಯ್ಕೆ ಸಮಿತಿಗಳು ಎಷ್ಟು ಸಾವಿರ ಸಲ ಓದಿರಬಹುದು? ಏನು ಮಾಡುತ್ತೀರಿ, ಎಲ್ಲಿ, ಎಷ್ಟು ತಿಂಗಳು, ಎಷ್ಟು ಖರ್ಚು, ಕೊನೆಗೆ ಜನ ನೋಡಲು ಏನಿರುತ್ತದೆ. ಈ ಐದು ಪ್ರಶ್ನೆಗೆ ಉತ್ತರ ಕೊಟ್ಟರೆ ಅರ್ಧ ಗೆದ್ದಂತೆ.

ಇಂಗ್ಲಿಷ್ ಬರುವುದಿಲ್ಲ ಅಂತ ಹಿಂಜರಿಯುವವರಿಗೆ ಒಂದು ಮಾತು. ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1993ರಲ್ಲಿ ಹುಟ್ಟಿದ್ದು, ಅದರ ಮನೆ ನಮ್ಮ ಬೆಂಗಳೂರೇ. ಅಲ್ಲಿಗೆ ಯೋಜನೆಯ ಪ್ರಸ್ತಾವವನ್ನು ಕನ್ನಡದಲ್ಲೇ ಬರೆದು ಕಳಿಸಬಹುದು. ಬೆಂಗಳೂರಿನ ಬಗೆಗಿನ ಕೆಲಸಗಳಿಗಾಗಿ ಊರಿನ ಪಿನ್‌ಕೋಡಿನ ಹೆಸರಿಟ್ಟುಕೊಂಡ ‘ಪ್ರಾಜೆಕ್ಟ್ 560’, ಕರ್ನಾಟಕದ ಸರ್ಕಾರಿ ಶಾಲೆಯ ಶಿಕ್ಷಕರ ಜೊತೆ ‘ಕಲಿ ಕಲಿಸು’ ಇವೆಲ್ಲ ಅವರು ನಡೆಸಿಕೊಂಡು ಬಂದ ಕಾರ್ಯಕ್ರಮಗಳು. ಚಿತ್ರಕಲಾ ಮೇಷ್ಟ್ರಾಗಿರುವ ಎಷ್ಟೋ ಗೆಳೆಯರಿಗೆ ಇದು ಗೊತ್ತೇ ಇಲ್ಲ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವರ್ಷದವರಿಗೆ, ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷ. ಕಿರಿಯ ಫೆಲೋಶಿಪ್ 25ರಿಂದ 40ರವರಿಗೆ, ತಿಂಗಳಿಗೆ 10,000. ನಲವತ್ತು ದಾಟಿದವರಿಗೆ ಹಿರಿಯ ಫೆಲೋಶಿಪ್, 20,000. ವಯಸ್ಸಾಯಿತು ಅನ್ನುವ ನೆಪಕ್ಕೂ ಅಲ್ಲಿ ಜಾಗವಿಲ್ಲ. ನಮ್ಮ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನ, ಶಿಬಿರಗಳ ಪ್ರಕಟಣೆ ಪತ್ರಿಕೆಯ ಒಳಪುಟದಲ್ಲಿ ಎರಡಂಗುಲದ ಸುದ್ದಿಯಾಗಿ ಬಂದು ಹೋಗುತ್ತದೆ. ಅಕಾಡೆಮಿ ಇರುವ ಜೆ.ಸಿ. ರಸ್ತೆಯ ಕನ್ನಡ ಭವನದ ಕಡೆ ಹೋದಾಗ ಸೂಚನಾ ಫಲಕ ನೋಡುವ ಚಟ ಬೆಳೆಸಿಕೊಳ್ಳಿ.

ತಿರಸ್ಕೃತವಾದ ಅರ್ಜಿಯನ್ನು ಹರಿಯಬೇಡಿ. ಮುಂದಿನದಕ್ಕೆ ಮುಕ್ಕಾಲು ಪಾಲು ಅದೇ ಆಗುತ್ತದೆ.

8. ‘ಹೆಸರು ಬರುತ್ತೆ’ ಅಂದವರಿಗೆ ‘ಬಣ್ಣದ ಬಿಲ್ಲೂ ಬರುತ್ತೆ’ ಅನ್ನಿ

ದಾಕ್ಷಿಣ್ಯಕ್ಕೆ ಬಸಿರಾದ ಗಾದೆ ನಿಮಗೆ ಗೊತ್ತಿದೆ. ಶಾಲೆಗೋ ಅನಾಥಾಲಯಕ್ಕೋ ಮನಸಾರೆ ಪುಕ್ಕಟೆ ಬರೆಯಿರಿ. ಹೋಟೆಲಿನ ಗೋಡೆಗೆ ಬೇಡ.

9. ಬಾಯಿಮಾತಿಗೆ ಚಿತ್ರ ಕೊಡಬೇಡಿ

ಒಂದು ಗ್ಯಾಲರಿಗೆ ಐದು ಚಿತ್ರ ಕೊಟ್ಟು ಬಂದಿದ್ದೆ. ಕಾಫಿ ಕೊಟ್ಟರು, ಬೆನ್ನು ತಟ್ಟಿದರು, ರಸೀದಿ ಕೊಡಲಿಲ್ಲ. ಕೇಳಲು ನನಗೆ ಸಂಕೋಚ. ಎರಡು ಮಾರಾಟವಾದವು ಅಂತ ಮೂರನೆಯವರಿಂದ ಗೊತ್ತಾಯಿತು. ದುಡ್ಡು ಕೈಗೆ ಬರಲು ಹನ್ನೊಂದು ತಿಂಗಳು ಹಿಡಿಯಿತು. ಉಳಿದ ಮೂರರಲ್ಲಿ ಒಂದರ ಮೂಲೆ ನೆನೆದಿತ್ತು, ಅದು ಮೊದಲೇ ಹಾಗಿತ್ತು ಅಂದರು. ಅಲ್ಲ ಅನ್ನಲು ನನ್ನ ಹತ್ತಿರ ಒಂದು ಫೋಟೊವೂ ಇರಲಿಲ್ಲ.

ಈಗ ಒಂದು ಹಾಳೆ ಸಾಕು ಅನ್ನುತ್ತೇನೆ: ಚಿತ್ರಗಳ ಪಟ್ಟಿ, ಸ್ಥಿತಿ, ಬೆಲೆ, ಕಮಿಷನ್, ಮಾರಾಟವಾದ ಎಷ್ಟು ದಿನಕ್ಕೆ ಹಣ, ಉಳಿದದ್ದನ್ನು ವಾಪಸು ತರುವ ಖರ್ಚು ಯಾರದು. ಎರಡು ಸಹಿ.

ಕಾನೂನೂ ಸ್ವಲ್ಪ ತಿಳಿದಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಚಿತ್ರ ಮಾರಿದ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ಮಾರಿದಂತಲ್ಲ. ಕೊಂಡವರು ಗೋಡೆಗೆ ಹಾಕಬಹುದು, ಕ್ಯಾಲೆಂಡರ್ ಅಚ್ಚು ಹಾಕಿಸುವಂತಿಲ್ಲ. ಆದರೆ ಒಬ್ಬರು ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ಕಥೆ ಬೇರೆ. ಬೇರೆ ಒಪ್ಪಂದ ಇಲ್ಲದಿದ್ದರೆ ಮೊದಲ ಹಕ್ಕು ಬರೆಸಿದವರದ್ದೇ. ಹಾಗಾಗಿ ಆರ್ಡರ್ ತೆಗೆದುಕೊಳ್ಳುವಾಗಲೇ ಒಂದು ಸಾಲು ಬರೆಸಿಕೊಳ್ಳಿ. ಕೃತಿಸ್ವಾಮ್ಯ ಮೊದಲಿಗೆ ನಿಮ್ಮದೇ ಆಗಿದ್ದ ಮೂಲಚಿತ್ರ ಮುಂದೆ 10,000 ರೂಪಾಯಿ ಮೀರಿದ ಬೆಲೆಗೆ ಮರುಮಾರಾಟವಾದರೆ ಅದರಲ್ಲಿ ಪಾಲು ಕೇಳುವ ಹಕ್ಕನ್ನೂ ಕಾಯ್ದೆ ಕೊಟ್ಟಿದೆ. ಆ ಪಾಲು ಶೇಕಡಾ ಹತ್ತು ಮೀರುವಂತಿಲ್ಲ. ಕೇಳಿದವರನ್ನು ನಾನಂತೂ ಕಂಡಿಲ್ಲ.

ಇದೇ ಕಾಯ್ದೆಯ ಇನ್ನೊಂದು ಹಕ್ಕನ್ನು ಕೇಳಿ ಗೆದ್ದವರ ಉದಾಹರಣೆ ಮಾತ್ರ ಒಂದಿದೆ. ದೆಹಲಿಯ ವಿಜ್ಞಾನ ಭವನದ ಗೋಡೆಗೆ ಅಮರನಾಥ ಸೆಹಗಲ್ ಮಾಡಿಕೊಟ್ಟ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಿದ್ದರು. ಸೆಹಗಲ್ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಶಿಲ್ಪದ ಉಳಿಕೆಯನ್ನು ಅವರಿಗೆ ಮರಳಿಸಿ, ಐದು ಲಕ್ಷ ಪರಿಹಾರ ಕೊಡಿ ಅಂತ ಸರ್ಕಾರಕ್ಕೆ ಹೇಳಿತು. ನಡುವೆ ಹೋದ ವರ್ಷಗಳನ್ನು ನೀವೇ ಎಣಿಸಿಕೊಳ್ಳಿ.

10. ಬೀದಿಯೂ ಗ್ಯಾಲರಿಯೇ, ಅನುಮತಿ ಪತ್ರ ಜೇಬಿನಲ್ಲಿರಲಿ

ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆ ಗುಂಡಿಗೆ ಕೃತಕ ಮೊಸಳೆ ತಂದು ಬಿಟ್ಟರು. 2019ರಲ್ಲಿ ಗುಂಡಿ ಬಿದ್ದ ಬೆಂಗಳೂರು ರಸ್ತೆಯ ಮೇಲೆ ಅವರ ಗಗನಯಾತ್ರಿ ವೇಷಧಾರಿ ನಡೆದರೆ, ಜಗತ್ತೇ ಅದನ್ನು ಚಂದ್ರ ಅಂದುಕೊಂಡು ನೋಡಿತು. ಅದಕ್ಕೆ ಬಾಡಿಗೆಯ ಗೋಡೆ ಬೇಕಾಗಲಿಲ್ಲ.

ಆದರೆ ಊರ ಗೋಡೆಗೆ ಹೇಳದೆ ಕೇಳದೆ ಬಣ್ಣ ಬಳಿಯುವ ಹುಮ್ಮಸ್ಸು ಬೇಡ. ತೆರೆದ ಸ್ಥಳಗಳ ಅಂದಗೆಡಿಸುವುದರ ವಿರುದ್ಧ ರಾಜ್ಯದಲ್ಲಿ 1981ರಿಂದಲೇ ಕಾಯ್ದೆಯಿದೆ. ಗೋಡೆ ಯಾರದೋ ಅವರಿಂದ ಬರೆಸಿಕೊಳ್ಳಿ. ಇದ್ಯಾವ ರಗಳೆಯೂ ಬೇಡವಾದರೆ ಸ್ಕೆಚ್ ಪುಸ್ತಕ ಹಿಡಿದು ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಗೆ ಹೋಗಿ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ. ಬೆನ್ನ ಹಿಂದೆ ನಿಂತು ನೋಡುವ ಹತ್ತು ಜನರಿಗಿಂತ ಒಳ್ಳೆಯ ವಿಮರ್ಶಕರು ಸಿಗುವುದಿಲ್ಲ. ‘ಆ ಅಜ್ಜಿ ಕಿವೀಲಿ ಓಲೆ ಬಿಟ್ಟೋಯ್ತು ಸಾರ್’ ಅನ್ನುತ್ತಾರೆ. ನೋಡಿದರೆ ನಿಜವಾಗಿಯೂ ಬಿಟ್ಟುಹೋಗಿರುತ್ತದೆ.

11. ಚಿತ್ರಗಾರರ ಗುಂಪಿನಿಂದ ಆಚೆ ಬನ್ನಿ

ನಾಟಕದವರಿಗೆ ಪರದೆ ಬೇಕು, ಪೋಸ್ಟರ್ ಬೇಕು. ಜೆ.ಪಿ. ನಗರದ ರಂಗಶಂಕರದಲ್ಲಿ 2004ರಿಂದ ವರ್ಷವಿಡೀ ನಾಟಕ ನಡೆಯುತ್ತಿದೆ. ಒಂದು ಪ್ರದರ್ಶನ ಮುಗಿದ ಮೇಲೆ ಅಲ್ಲಿನ ಕೆಫೆಯಲ್ಲಿ ಅರ್ಧ ಗಂಟೆ ಕೂತರೆ ಯಾರು ಏನು ಆಡಿಸುತ್ತಿದ್ದಾರೆ ತಿಳಿಯುತ್ತದೆ. ಸಮಯಕ್ಕೆ ಸರಿಯಾಗಿ ಹೋಗಿ, ತಡವಾದವರನ್ನು ಒಳಗೆ ಬಿಡುವುದಿಲ್ಲ. ಪ್ರಕಾಶಕರಿಗೆ ಮುಖಪುಟ ಬೇಕು, ಪತ್ರಿಕೆಗಳ ದೀಪಾವಳಿ ವಿಶೇಷಾಂಕಕ್ಕೆ ಕಥೆಯ ಚಿತ್ರ ಬೇಕು. ಚಂದ್ರನಾಥ ಆಚಾರ್ಯರಂಥವರನ್ನು ನಾಡು ಮೊದಲು ಗುರುತಿಸಿದ್ದು ಗ್ಯಾಲರಿಯಲ್ಲಲ್ಲ, ವಾರಪತ್ರಿಕೆಯ ಪುಟದಲ್ಲಿ. ಸಂಭಾವನೆ ಸಣ್ಣದು, ನಿಜ. ಒಂದು ಮುಖಪುಟ ಹೊಕ್ಕುವ ಮನೆಗಳ ಸಂಖ್ಯೆ ಯಾವ ಪ್ರದರ್ಶನಕ್ಕೂ ದಕ್ಕುವುದಿಲ್ಲ.

ಜೊತೆಗೆ, ನಿಮ್ಮ ಚಿತ್ರದ ಬಗ್ಗೆ ಮೂರು ವಾಕ್ಯ ಕನ್ನಡದಲ್ಲಿ ಹೇಳಲು ಕಲಿಯಿರಿ. ‘ಅಸ್ತಿತ್ವದ ಅಮೂರ್ತ ಅನುಸಂಧಾನ’ ಅಂದರೆ ಕೇಳಿದವರು ಕೈಮುಗಿದು ಹೊರಡುತ್ತಾರೆ. ‘ನಮ್ಮೂರ ಕೆರೆ ಬತ್ತಿದ ಮೇಲೆ ಏರಿಯ ಬಣ್ಣ ಹೀಗಾಗಿತ್ತು’ ಅಂದರೆ ಅವರು ತಮ್ಮೂರ ಕೆರೆಯ ಕಥೆ ಶುರು ಮಾಡುತ್ತಾರೆ.

12. ಸಂತೆಯ ಮರುದಿನ ಪುಸ್ತಕ ತೆರೆಯಿರಿ

ಕೊಂಡವರ ಹೆಸರು, ಫೋನ್ ನಂಬರು, ಯಾವ ಚಿತ್ರ, ಎಷ್ಟಕ್ಕೆ. ಕೇಳಿಯೇ ಬರೆದುಕೊಳ್ಳಿ, ಬಹಳ ಮಂದಿ ಖುಷಿಯಿಂದ ಕೊಡುತ್ತಾರೆ. ಮುಂದಿನ ಪ್ರದರ್ಶನಕ್ಕೆ ಹತ್ತು ದಿನ ಮೊದಲು ಸಾಮೂಹಿಕ ಸಂದೇಶ ತಳ್ಳುವ ಬದಲು ಒಬ್ಬೊಬ್ಬರಿಗೇ ಫೋನ್ ಮಾಡಿ. ಇನ್ನೂರು ಆಮಂತ್ರಣ ಪತ್ರಿಕೆ ಹಂಚಿದಾಗ ಬಂದವರಿಗಿಂತ ಮೂವತ್ತು ಫೋನು ಮಾಡಿದಾಗ ಬಂದವರು ಹೆಚ್ಚು, ನನ್ನ ಅನುಭವದಲ್ಲಿ.

ನನ್ನ ಪುಸ್ತಕದ ಮೊದಲ ಪುಟದಲ್ಲಿ ಇರುವುದು ಆ ಪಂಚೆಯ ಹಿರಿಯರ ನಂಬರು. ಎರಡನೆಯ ವರ್ಷ ಸಂತೆಗೆ ಮುಂಚೆ ಫೋನ್ ಮಾಡಿದೆ. ಗುರುತು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಬರೀ ಟಿವಿಯ ಸದ್ದು. ಆಮೇಲೆ, ‘ದೇವರ ಮನೆ ಬಾಗಿಲ ಪಕ್ಕ ಹಾಕಿದೀನಪ್ಪಾ. ಮೊನ್ನೆ ನಮ್ಮ ತಮ್ಮ ಬಂದಿದ್ದ, ಎದುರು ಸಾಲು ಎಲ್ಲಿ ಅಂತ ಕೇಳಿದ. ಬಲಗಡೆ ಎರಡನೇದು ಅವನ ಅಂಗಡಿ. ಅದನ್ನೂ ಒಂದು ಬರ್ಕೊಡ್ತೀಯಾ? ಮುನ್ನೂರೇ ಅಲ್ವಾ?’

‘ಈಗ ಆರುನೂರು ಯಜಮಾನ್ರೇ’ ಅಂದೆ.

‘ತಮ್ಮಂಗೆ ಹೇಳ್ತೀನಿ, ಅವನೇ ಕೊಡ್ಲಿ’ ಅಂದರು.